ಸಫೋಕ್‌ನ ಹಳೆಯ ಫಾರ್ಮ್‌ಹೌಸ್: ಗೋಡೆಯ ದುರಸ್ತಿಗೆ ಅನುಮತಿ ಪಡೆದ ಅನುಭವ

ಇಂಗ್ಲೆಂಡಿನ ಸಫೋಕ್ ಕೌಂಟಿಯಲ್ಲಿ ನಾವು ಕೊಂಡ ಹಳೆಯ ಫಾರ್ಮ್‌ಹೌಸ್‌ನ ಗೋಡೆಗಳ ದುರಸ್ತಿ ಈ ತಿಂಗಳು ಮುಗಿದಿದ್ದು, ಸ್ಥಳೀಯ ಆಡಳಿತವಾದ ಕೌನ್ಸಿಲ್ ವಿಧಿಸಿದ್ದ ಕೊನೆಯ ಷರತ್ತೂ ಪೂರೈಕೆಯಾಗಿದೆ ಎಂಬ ಪತ್ರ ಕೈಸೇರಿದೆ. ಇಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹಳ್ಳಿಯ ಕಡೆ ಹಳೆಯ ಮನೆ ಕೊಳ್ಳುವ ಆಸೆಯಿರುವ ಹಲವರು, ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿರುವ ಇಂತಹ ಮನೆಯ ಮಾರ್ಪಾಡಿಗೆ ಕೌನ್ಸಿಲ್‌ನಿಂದ ಪಡೆಯಬೇಕಾದ ಅನುಮತಿಯ ವಿಷಯವನ್ನು ನನ್ನಲ್ಲಿ ಕೇಳುತ್ತಲೇ ಇದ್ದರು. ಅವರಿಗೆಲ್ಲ ಒಟ್ಟಿಗೆ ಉತ್ತರವಾಗಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿದ್ದೇನೆ. ಮೊದಲೇ ಹೇಳಬೇಕಾದ ಮಾತು ಒಂದಿದೆ. ಈ ಅರ್ಜಿಯಲ್ಲಿ ಕೇಳುವ ಪ್ರತಿಯೊಂದು ಪ್ರಶ್ನೆಯೂ ಮನೆಯನ್ನು ಯಾವಾಗ, ಹೇಗೆ, ಯಾವುದರಿಂದ ಕಟ್ಟಿದರು ಎಂಬಲ್ಲಿಗೇ ಹೋಗಿ ನಿಲ್ಲುತ್ತದೆ. ಆದ್ದರಿಂದ ಮನೆಯ ಕಟ್ಟಡವನ್ನು ಕೂಲಂಕಷವಾಗಿ ಅರಿತುಕೊಂಡವರಿಗೆ ಅರ್ಧ ದಾರಿ ಸವೆದಂತೆಯೇ ಸರಿ.

ನಮ್ಮದು ಓಕ್ ಮರದ ಚೌಕಟ್ಟಿನ ಮನೆ. ನೆಲದಿಂದ ಮೊಣಕಾಲೆತ್ತರದವರೆಗೆ ಇಟ್ಟಿಗೆಯ ಪೀಠ, ಅದರ ಮೇಲೆ ಮನೆಯ ಸುತ್ತ ಮಲಗಿಸಿದ ಅಡಿತೊಲೆ, ಅಡಿತೊಲೆಯಿಂದ ಸೂರಿನವರೆಗೆ ಒತ್ತೊತ್ತಾಗಿ ನಿಂತ ಕಂಬಗಳು, ಅವುಗಳ ತಲೆಯ ಮೇಲೆ ಚಾವಣಿಯ ಭಾರ ಹೊರುವ ಮೇಲ್ತೊಲೆ. ಕಂಬಗಳ ನಡುವಿನ ಜಾಗದಲ್ಲಿ ಹೇಜಲ್ ಗಿಡದ ಕಡ್ಡಿಗಳ ತಡಿಕೆ ಕಟ್ಟಿ, ಹುಲ್ಲು ಬೆರೆಸಿ ತುಳಿದ ಜೇಡಿಮಣ್ಣನ್ನು ಎರಡೂ ಕಡೆಯಿಂದ ಮೆತ್ತಿದ್ದಾರೆ. ಚೌಕಟ್ಟಿನ ಸಂದುಗಳಲ್ಲಿ ಮೊಳೆಗಳಿಲ್ಲ. ಒಂದು ತೊಲೆಯಲ್ಲಿ ಕೊರೆದ ಕುಳಿಗೆ ಇನ್ನೊಂದರ ನಾಲಿಗೆಯನ್ನು ಕೂರಿಸಿ, ಅಡ್ಡಲಾಗಿ ಓಕ್ ಗೂಟ ಬಡಿದು ಬಿಗಿದಿದ್ದಾರೆ. ಒಳಗೆ ಮೂರು ಕೋಣೆಗಳು ಒಂದೇ ಸಾಲಿನಲ್ಲಿವೆ: ನಡುವೆ ಹಾಲ್, ಒಂದು ತುದಿಗೆ ಪಾರ್ಲರ್, ಇನ್ನೊಂದು ತುದಿಗೆ ಹಾಲು, ಬೆಣ್ಣೆ, ಧಾನ್ಯ ಇಡುತ್ತಿದ್ದ ಉಗ್ರಾಣ. ಹಾಲ್ ಮತ್ತು ಪಾರ್ಲರ್‌ಗಳ ಮಧ್ಯೆ ಇಟ್ಟಿಗೆಯ ದಪ್ಪ ಚಿಮಣಿ ಇದ್ದು, ಮುಂಬಾಗಿಲು ನೇರವಾಗಿ ಅದರ ಮಗ್ಗುಲಿಗೇ ತೆರೆದುಕೊಳ್ಳುತ್ತದೆ. ಹೊಕ್ಕವರು ಪುಟ್ಟ ಹಜಾರದಲ್ಲಿ ನಿಂತು ಎಡಕ್ಕೋ ಬಲಕ್ಕೋ ತಿರುಗಬೇಕು. ಸಫೋಕ್ ಸೇರಿದ ಈಸ್ಟ್ ಆಂಗ್ಲಿಯಾ ಪ್ರದೇಶದ ಹಳ್ಳಿಗಳಲ್ಲಿ ಈ ವಿನ್ಯಾಸದ ಫಾರ್ಮ್‌ಹೌಸ್‌ಗಳು ಈಗಲೂ ಹೇರಳವಾಗಿವೆ.

ಇಂತಹ ಗೋಡೆ ಒದ್ದೆಯಾಗುತ್ತದೆ, ಒಣಗುತ್ತದೆ, ಮತ್ತೆ ಒದ್ದೆಯಾಗುತ್ತದೆ. ಹೊರಗಿನ ಸುಣ್ಣದ ಗಾರೆ ತೇವವನ್ನು ಹೊರಕ್ಕೆ ಬಿಟ್ಟುಕೊಡುವವರೆಗೆ ಅದರಿಂದ ತೊಂದರೆಯೇನೂ ಇಲ್ಲ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಯಾರೋ ಹಳೆಯ ಗಾರೆಯನ್ನು ಕಿತ್ತು ಮನೆಯ ಸುತ್ತ ಸಿಮೆಂಟ್ ಬಳಿಸಿದ್ದರು. ಮರದ ಚೌಕಟ್ಟು ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುವುದರಿಂದ ಬಿರುಸಾದ ಸಿಮೆಂಟ್ ಬಿರುಕು ಬಿಟ್ಟಿತ್ತು. ಬಿರುಕಿನಿಂದ ಇಳಿದ ಮಳೆನೀರು ಹೊರಹೋಗಲು ದಾರಿಯಿಲ್ಲದೆ ಅಡಿತೊಲೆಯ ಮೇಲೆ ನಿಂತು, ಉತ್ತರದ ಕಡೆ ತೊಲೆ ಪೂರ್ತಿ ಲಡ್ಡಾಗಿತ್ತು. ಒಳಗಿನಿಂದ ಕಾಣುತ್ತಿದ್ದುದು ಗೋಡೆಯ ಬುಡದ ತೇವದ ಪಟ್ಟೆ ಮತ್ತು ಮಣ್ಣಿನ ವಾಸನೆ ಮಾತ್ರ. ಕೊಳ್ಳುವ ಮೊದಲು ಹಳೆಯ ಮರದ ಕಟ್ಟಡಗಳಲ್ಲಿ ಪಳಗಿದ ಸರ್ವೇಯರ್ ಒಬ್ಬರು ಸಿಮೆಂಟಿನ ಬಿರುಕಿನೊಳಕ್ಕೆ ತೆಳ್ಳನೆಯ ಉಕ್ಕಿನ ಸಲಾಕೆಯನ್ನು ತೂರಿಸಿದಾಗ, ಅದು ಯಾವ ತಡೆಯೂ ಇಲ್ಲದೆ ಗೇಣುದ್ದ ಒಳಗಿಳಿಯಿತು. ಆ ವರದಿಗೆ ನಾವು ಕೊಟ್ಟದ್ದು ಸುಮಾರು 1,600 ಪೌಂಡ್. ಸಾಲ ಕೊಡುವ ಬ್ಯಾಂಕ್ ತನ್ನ ಸಲುವಾಗಿ ಮಾಡಿಸುವ ಮೌಲ್ಯಮಾಪನ ಇದಕ್ಕೆ ಬದಲಿಯಾಗಲಾರದು. ದಯವಿಟ್ಟು ಈ ಹಣವನ್ನು ಉಳಿಸಲು ಹೋಗಬೇಡಿ.

ಕಾನೂನಿನ ಕಡೆಗೆ ಬರುತ್ತೇನೆ. ಇಂಗ್ಲೆಂಡಿನಲ್ಲಿ ಸಂರಕ್ಷಿತ ಕಟ್ಟಡಗಳ ರಾಷ್ಟ್ರೀಯ ಪಟ್ಟಿಯನ್ನು ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆ ನಿರ್ವಹಿಸುತ್ತದೆ. ಗ್ರೇಡ್ ಒಂದು, ಗ್ರೇಡ್ ಎರಡು ನಕ್ಷತ್ರ, ಗ್ರೇಡ್ ಎರಡು ಎಂಬ ಮೂರು ದರ್ಜೆಗಳಲ್ಲಿ ಶೇ. 90ಕ್ಕೂ ಹೆಚ್ಚು ಕಟ್ಟಡಗಳು ಕೊನೆಯ ದರ್ಜೆಯವು, ನಮ್ಮದೂ ಅದರಲ್ಲೇ ಇದೆ. 1700ಕ್ಕೆ ಮೊದಲು ಕಟ್ಟಿ, ಮೂಲ ರೂಪವನ್ನು ಬಹುಮಟ್ಟಿಗೆ ಉಳಿಸಿಕೊಂಡಿರುವ ಕಟ್ಟಡಗಳು ಸಾಮಾನ್ಯವಾಗಿ ಈ ಪಟ್ಟಿಗೆ ಸೇರುತ್ತವೆ. ಅಂತಹ ಮನೆಯ ಸ್ವರೂಪವನ್ನು ಬಾಧಿಸುವ ಯಾವ ಮಾರ್ಪಾಡಿಗೂ 1990ರ ಕಾಯಿದೆಯಂತೆ ಸ್ಥಳೀಯ ಕೌನ್ಸಿಲ್‌ನಿಂದ ಲಿಸ್ಟೆಡ್ ಬಿಲ್ಡಿಂಗ್ ಕನ್ಸೆಂಟ್ ಎಂಬ ಅನುಮತಿ ಪಡೆಯಬೇಕು. ಪಡೆಯದೆ ಕೆಲಸ ಮಾಡಿಸುವುದು ಅಪರಾಧವಾಗಿದ್ದು, ಎರಡು ವರ್ಷಗಳವರೆಗೆ ಸೆರೆವಾಸವನ್ನೂ ಮಿತಿಯಿಲ್ಲದ ದಂಡವನ್ನೂ ವಿಧಿಸಲು ಅವಕಾಶವಿದೆ. ಪಟ್ಟಿಯಲ್ಲಿರುವುದು ಹೊರಗೋಡೆ ಮಾತ್ರ ಎಂಬ ನಂಬಿಕೆ ನಮ್ಮವರಲ್ಲಿ ಬಹಳ ಇದೆ, ಆದರೆ ಅದು ತಪ್ಪು. ಒಳಗಿನ ಮೆಟ್ಟಿಲು, ಬಾಗಿಲು, ನೆಲಹಾಸು, ಗಿಲಾವು, ಅಟ್ಟ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಮನೆಯ ಆವರಣದಲ್ಲಿ 1948ರ ಜುಲೈ 1ಕ್ಕೆ ಮೊದಲಿನಿಂದ ಇರುವ ಕೊಟ್ಟಿಗೆ, ಕಾಂಪೌಂಡ್ ಗೋಡೆಗಳೂ ಬರಬಹುದು. ಪಟ್ಟಿಯಲ್ಲಿನ ವಿವರಣೆ ನಾಲ್ಕೇ ಸಾಲಿನದ್ದಾಗಿದ್ದು ಅದರಲ್ಲಿ ಒಳಭಾಗದ ಹೆಸರೇ ಇಲ್ಲದಿದ್ದರೂ ರಕ್ಷಣೆ ಪೂರ್ತಿ ಮನೆಗೆ ಅನ್ವಯಿಸುತ್ತದೆ.

ಹಿಂದಿನ ಮಾಲೀಕರು ಅನುಮತಿಯಿಲ್ಲದೆ ಮಾಡಿಸಿದ ಮಾರ್ಪಾಡನ್ನು ಸರಿಪಡಿಸುವ ಹೊಣೆ ಕೊಂಡವರ ತಲೆಗೆ ಬರುತ್ತದೆ, ಮತ್ತು ಕೌನ್ಸಿಲ್ ಕ್ರಮ ಕೈಗೊಳ್ಳಲು ಕಾಲಮಿತಿ ಇಲ್ಲ. ಆದ್ದರಿಂದ ಮುಂಗಡ ಕೊಡುವ ಮೊದಲೇ ಕೌನ್ಸಿಲ್‌ನ ಜಾಲತಾಣದಲ್ಲಿ ಆ ಮನೆಯ ಹಳೆಯ ಅರ್ಜಿಗಳನ್ನೆಲ್ಲ ತೆಗೆದು, ಇಂದು ಕಣ್ಣಿಗೆ ಕಾಣುವ ಕಿಟಕಿ, ಗೋಡೆಗಳೊಂದಿಗೆ ತಾಳೆ ನೋಡಬೇಕು. ಕೊಳ್ಳುವ ವ್ಯವಹಾರ ನೋಡಿಕೊಂಡ ನಮ್ಮ ಸಾಲಿಸಿಟರ್ (ವಕೀಲರು) ಇದನ್ನು ಬಹಳ ಶ್ರದ್ಧೆಯಿಂದ ಮಾಡಿದರು. ವಿಮೆಯನ್ನೂ ಇಂತಹ ಮನೆಗಳಿಗೆಂದೇ ಕೊಡುವ ಕಂಪನಿಗಳಲ್ಲಿ ವಿಚಾರಿಸಬೇಕು, ಏಕೆಂದರೆ ಓಕ್ ಮತ್ತು ಸುಣ್ಣದಲ್ಲಿ ಮತ್ತೆ ಕಟ್ಟುವ ವೆಚ್ಚ ಮಾಮೂಲಿ ಮನೆಯ ಲೆಕ್ಕಕ್ಕೆ ಸಿಗುವುದಿಲ್ಲ.

ನಮ್ಮ ಕೋರಿಕೆಗಳು ಮೂರಿದ್ದವು: ಸಿಮೆಂಟ್ ತೆಗೆದು ಸುಣ್ಣದ ಗಾರೆ ಮಾಡುವುದು, ಲಡ್ಡಾದ ಅಡಿತೊಲೆಯನ್ನೂ ಕಂಬಗಳ ಬುಡವನ್ನೂ ಸರಿಪಡಿಸುವುದು, ಅಟ್ಟದಲ್ಲಿ ಪಕಾಸುಗಳ ಮಧ್ಯೆ ಶಾಖನಿರೋಧಕ ತುಂಬುವುದು. ಈ ಅನುಮತಿಯ ಅರ್ಜಿಗೆ ಶುಲ್ಕವಿಲ್ಲ. ಖರ್ಚೆಲ್ಲ ಅದರ ಜೊತೆಗೆ ಕೊಡಬೇಕಾದ ದಾಖಲೆಗಳದ್ದೇ. ಸ್ಥಳದ ನಕ್ಷೆ, ಮನೆಯ ನಾಲ್ಕೂ ಮುಖಗಳ ಈಗಿನ ಹಾಗೂ ಉದ್ದೇಶಿತ ರೇಖಾಚಿತ್ರಗಳು, ಪ್ರತಿ ಸಂದಿನ ದುರಸ್ತಿಯ ವಿವರ, ಗಾರೆಯ ಮಿಶ್ರಣ, ಕೆಲಸದ ವಿಧಾನದ ಬರಹ, ಛಾಯಾಚಿತ್ರಗಳು, ಎಲ್ಲಕ್ಕಿಂತ ಮಿಗಿಲಾಗಿ ಹೆರಿಟೇಜ್ ಸ್ಟೇಟ್‌ಮೆಂಟ್. ಮನೆಯ ಯಾವ ಭಾಗಕ್ಕೆ ಯಾವ ಮಹತ್ವವಿದೆ, ಉದ್ದೇಶಿತ ಕೆಲಸದಿಂದ ಅದಕ್ಕೆ ಏನಾಗುತ್ತದೆ ಎಂಬುದನ್ನು ಅದರಲ್ಲಿ ವಿವರಿಸಬೇಕು. ಅರ್ಜಿಗೆ ಮೊದಲು ಹಳೆಯ ಕಟ್ಟಡಗಳ ಸಂರಕ್ಷಣೆಯನ್ನು ನೋಡಿಕೊಳ್ಳುವ ಕೌನ್ಸಿಲ್‌ನ ಕನ್ಸರ್ವೇಶನ್ ಅಧಿಕಾರಿಯ ಸಲಹೆ ಪಡೆಯುವ ವ್ಯವಸ್ಥೆಯೂ ಇದೆ. ಅದಕ್ಕೆ ಹಲವು ಕಡೆ ಶುಲ್ಕವಿದ್ದರೂ ಅದು ಸಾರ್ಥಕವಾದ ಖರ್ಚು.

ಸಲಹೆಗೆಂದು ಅಧಿಕಾರಿ ಮನೆಗೆ ಬಂದ ದಿನವೇ ನಮ್ಮ ಯೋಜನೆಯ ದಿಕ್ಕು ಬದಲಾಯಿತು. ಪಟ್ಟಿಯ ವಿವರಣೆಯಲ್ಲಿ ಮನೆ ಹದಿನೇಳನೆಯ ಶತಮಾನದ ಆರಂಭದ್ದು ಎಂದಿತ್ತು. ಅವರು ಏಣಿ ಹತ್ತಿ ಅಟ್ಟದೊಳಗೆ ತೆವಳಿಕೊಂಡು ಹೋಗಿ, ಟಾರ್ಚಿನ ಬೆಳಕನ್ನು ಹಾಲ್‌ನ ಮೇಲಿನ ಪಕಾಸುಗಳ ಮೇಲೆ ಬಿಟ್ಟರು. ಮರವೆಲ್ಲ ಎಲ್ಲ ಮಗ್ಗುಲಿನಲ್ಲೂ ಮಿರಿಮಿರಿ ಕಪ್ಪಾಗಿತ್ತು. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಸೌದೆ ಒಲೆಯ ಮೇಲಿನ ಅಟ್ಟಕ್ಕೆ ಹಿಡಿದಿದ್ದ ಇಲ್ಲಣದ ಹಾಗೆಯೇ ಅದು ಇದ್ದುದರಿಂದ, ಹೊಗೆಯ ಮಸಿ ಎಂದು ನನಗೂ ತಕ್ಷಣ ತಿಳಿಯಿತು. ಆದರೆ ಚಿಮಣಿಯಿರುವ ಮನೆಯ ಚಾವಣಿಗೆ ಇಷ್ಟೊಂದು ಮಸಿ ಎಲ್ಲಿಂದ ಬರಬೇಕು? ಅಧಿಕಾರಿ ಹಾಲ್ ಮತ್ತು ಉಗ್ರಾಣಗಳ ನಡುವೆ ಅಟ್ಟದವರೆಗೂ ಏರಿದ್ದ ಮಣ್ಣಿನ ತಡಿಕೆಯನ್ನು ತೋರಿಸಿದರು. ಅದರ ಹಾಲ್ ಕಡೆಯ ಮುಖ ಕಡುಕಪ್ಪು, ಆಚೆಯ ಮುಖ ತಿಳಿ ಕಂದು. ಅಂದರೆ ಮನೆ ಕಟ್ಟಿದಾಗ ಚಿಮಣಿಯೂ ಇರಲಿಲ್ಲ, ಹಾಲ್‌ನ ಮೇಲೆ ಮಹಡಿಯೂ ಇರಲಿಲ್ಲ. ನೆಲದ ನಡುವೆ ಬೆಂಕಿ ಉರಿಯುತ್ತಿತ್ತು, ಹೊಗೆ ತೆರೆದ ಚಾವಣಿಗೇರಿ ಹೇಗೋ ಹೊರಹೋಗುತ್ತಿತ್ತು. ಇಟ್ಟಿಗೆಯ ಚಿಮಣಿಯನ್ನೂ ಮಹಡಿಯನ್ನೂ ಮುಂದಿನ ತಲೆಮಾರುಗಳು ಅದರೊಳಗೆ ತೂರಿಸಿದ್ದವು. ಅಡ್ಡತೊಲೆಯ ನಡುವಿನಿಂದ ಎದ್ದು ಚಾವಣಿಗೆ ಆಸರೆಯಾಗಿದ್ದ ಕ್ರೌನ್ ಪೋಸ್ಟ್ ಎಂಬ ಗಿಡ್ಡ ಕಂಬದ ಕೆತ್ತನೆಯನ್ನೂ ಸಂದುಗಳನ್ನೂ ಪರೀಕ್ಷಿಸಿದ ಕಟ್ಟಡ ಇತಿಹಾಸಜ್ಞರು, ಮನೆಯ ಮೂಲ ಭಾಗ ಹದಿನೈದನೆಯ ಶತಮಾನದ ಕೊನೆಯದ್ದಾಗಿರಬೇಕು ಎಂದು ಮುಂದೆ ವರದಿ ಕೊಟ್ಟರು.

ನಮಗೆ ಅಂದು ಆದ ಸಂತೋಷವನ್ನು ಹೇಳತೀರದು. ಅದರ ಬೆನ್ನಿಗೇ ಅಡಚಣೆಯೂ ಬಂತು. ಆ ಮಸಿಯೇ ಮನೆಯ ವಯಸ್ಸಿನ ಸಾಕ್ಷಿಯಾದ್ದರಿಂದ ಅದನ್ನು ಉಜ್ಜುವಂತಿಲ್ಲ, ತೊಳೆಯುವಂತಿಲ್ಲ, ಬಣ್ಣ ಬಳಿಯುವಂತಿಲ್ಲ. ಪಕಾಸುಗಳಿಗೆ ಒತ್ತಿ ಶಾಖನಿರೋಧಕ ತುಂಬಿದರೆ ಮಸಿ ಕೆರೆದುಹೋಗುವುದಲ್ಲದೆ ಮರದಲ್ಲಿ ತೇವ ಕಟ್ಟುವ ಭಯವೂ ಇತ್ತು. ಅಟ್ಟದ ಕೆಲಸವನ್ನು ಈ ಅರ್ಜಿಯಿಂದ ಕೈಬಿಟ್ಟು, ಬೇರೆ ವಿಧಾನ ಹುಡುಕಿ ಪ್ರತ್ಯೇಕವಾಗಿ ಅರ್ಜಿ ಹಾಕುವುದೆಂದು ತೀರ್ಮಾನವಾಯಿತು. ಮೊದಲು ಬರೆಸಿದ್ದ ಹೆರಿಟೇಜ್ ಸ್ಟೇಟ್‌ಮೆಂಟ್ ಕೆಲಸಕ್ಕೆ ಬಾರದಾಗಿ, ಇತಿಹಾಸಜ್ಞರ ಹೊಸ ವರದಿಗೆ ಇನ್ನೂ 1,400 ಪೌಂಡ್ ತೆತ್ತೆವು. ಪಟ್ಟಿಯ ವಿವರಣೆಯಲ್ಲಿರುವ ಕಾಲಮಾನ ಬಹಳ ಸಲ ರಸ್ತೆಯಿಂದ ನೋಡಿ ಬರೆದದ್ದು. ಅದನ್ನೇ ನೆಚ್ಚಿಕೊಳ್ಳದೆ, ಮೊದಲ ವರದಿಯನ್ನೇ ಅಟ್ಟ ಹತ್ತಿ ನೋಡುವವರಿಂದ ಬರೆಸುವುದು ಒಳ್ಳೆಯದು. ತೆರೆದ ಹಾಲ್ ಹೇಗಿರುತ್ತಿತ್ತು ಎಂದು ತಿಳಿಯುವ ಆಸೆಯಿಂದ ನಾವು ವೆಸ್ಟ್ ಸಸೆಕ್ಸ್‌ನ ಸಿಂಗಲ್‌ಟನ್‌ನಲ್ಲಿರುವ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಮ್ಯೂಸಿಯಂಗೂ ಹೋಗಿಬಂದೆವು. ಕೆಂಟ್‌ನಲ್ಲಿ ಜಲಾಶಯವೊಂದಕ್ಕಾಗಿ ತೆರವುಗೊಳಿಸಬೇಕಾಗಿ ಬಂದ, ಹದಿನೈದನೆಯ ಶತಮಾನದ ಬೇಲೀಫ್ ಎಂಬ ಫಾರ್ಮ್‌ಹೌಸನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಹಾಲ್‌ನ ನಡುವಿನ ಒಲೆ, ಗಾಜಿಲ್ಲದ ಎತ್ತರದ ಕಿಟಕಿ, ತಲೆಯ ಮೇಲೆ ಚಾವಣಿಯವರೆಗಿನ ಬಯಲು ನೋಡಿದ ಮೇಲೆ, ನಮ್ಮ ಮನೆಯ ತಗ್ಗಾದ ಮಹಡಿ ಆ ಹಾಲ್‌ಗೆ ಏನು ಮಾಡಿತ್ತು ಎಂಬುದು ನನ್ನ ಹೆಂಡತಿಗೂ ನನಗೂ ಸ್ಪಷ್ಟವಾಯಿತು.

ಇನ್ನೊಂದು ತಡೆ ಬಾವಲಿಗಳದ್ದು. ಅಟ್ಟದ ನೆಲದ ಮೇಲೆ ಹಿಕ್ಕೆ ಕಂಡುಬಂದಿತ್ತು. ಬ್ರಿಟನ್ನಿನಲ್ಲಿ ಎಲ್ಲ ಜಾತಿಯ ಬಾವಲಿಗಳಿಗೂ ಅವುಗಳ ನೆಲೆಗಳಿಗೂ ಕಾನೂನಿನ ರಕ್ಷಣೆಯಿದೆ. ಪ್ರಾಥಮಿಕ ತಪಾಸಣೆಯನ್ನು ವರ್ಷದ ಯಾವ ತಿಂಗಳಲ್ಲಾದರೂ ಮಾಡಬಹುದು, ಆದರೆ ಮುಸ್ಸಂಜೆಯಲ್ಲಿ ಅವು ಹೊರಬರುವುದನ್ನು ಎಣಿಸುವ ಸಮೀಕ್ಷೆಯ ಕಾಲ ಮೇ ತಿಂಗಳಿನಿಂದ ಆರಂಭ. ನಮ್ಮ ಮನೆಯಲ್ಲಿ ಹಿಕ್ಕೆ ಪತ್ತೆಯಾದದ್ದು ಚಳಿಗಾಲದ ಆರಂಭದಲ್ಲಿ. ಆ ಇಡೀ ಚಳಿಗಾಲ ಕಾಯುವುದರ ಹೊರತು ಮಾಡುವಂಥದ್ದೇನೂ ಇರಲಿಲ್ಲ, ಉತ್ತರದ ಗೋಡೆ ಮಳೆಯಲ್ಲಿ ನೆನೆಯುತ್ತಲೇ ಇತ್ತು. ಈ ಪ್ರಕ್ರಿಯೆಯಲ್ಲಿ ನನ್ನ ತಾಳ್ಮೆ ಕೆಟ್ಟದ್ದು ಆ ತಿಂಗಳುಗಳಲ್ಲಿ ಮಾತ್ರ. ಬೇಸಿಗೆಯ ಸಂಜೆಗಳಲ್ಲಿ ಪರಿಣತರು ಇನ್‌ಫ್ರಾರೆಡ್ ಕ್ಯಾಮೆರಾಗಳನ್ನು ಹೂಡಿ ಕುಳಿತಾಗ, ಉದ್ದ ಕಿವಿಯ ಕಂದು ಬಾವಲಿಗಳು ದಕ್ಷಿಣದ ಸೂರಿನ ಒಂದು ಸಂದಿನಿಂದ ಹೊರಬೀಳುವುದು ಕಂಡಿತು. ಎರಡು ಹಂತಗಳಿಗೂ ಸೇರಿ ಸುಮಾರು 2,000 ಪೌಂಡ್ ಆಯಿತು. ನಮ್ಮ ಕೆಲಸ ಗೋಡೆಗೆ ಸೀಮಿತವಾಗಿದ್ದು ಆ ಸಂದಿಗೆ ಅಡ್ಡಿಯಾಗದಂತೆ ಅಟ್ಟಣಿಗೆ ಕಟ್ಟಲು ಒಪ್ಪಿದ್ದರಿಂದ ವನ್ಯಜೀವಿ ರಕ್ಷಣೆಯ ಸರ್ಕಾರಿ ಸಂಸ್ಥೆಯಾದ ನ್ಯಾಚುರಲ್ ಇಂಗ್ಲೆಂಡ್‌ನ ಲೈಸೆನ್ಸ್ ಬೇಕಾಗಲಿಲ್ಲ. ಚಾವಣಿಯನ್ನೇ ಬಿಚ್ಚುವವರಿಗೆ ಅದು ಬೇಕಾಗುವ ಸಂಭವ ಹೆಚ್ಚು. ಮನೆ ಕೊಂಡ ಕೂಡಲೇ, ಬೇರೆ ಯಾವುದಕ್ಕೂ ಮೊದಲು, ಬಾವಲಿ ಪರಿಣತರನ್ನು ಕರೆಸಿ ನೋಡಿಸಿದರೆ ಒಂದು ವರ್ಷವೇ ಉಳಿಯಬಹುದು.

ಅರ್ಜಿ ಸಲ್ಲಿಸಿದ ದಿನದಿಂದ ಎಂಟು ವಾರ ಎಂದು ಎಣಿಸುವುದು ಸರಿಯಲ್ಲ. ಎಲ್ಲ ದಾಖಲೆಗಳೂ ಕ್ರಮವಾಗಿವೆ ಎಂದು ಕೌನ್ಸಿಲ್ ಒಪ್ಪಿ ದಾಖಲಿಸಿಕೊಂಡ ದಿನದಿಂದ ಆ ಅವಧಿ ಓಡಲು ತೊಡಗುತ್ತದೆ. ನಮ್ಮ ಅರ್ಜಿ ಒಂದು ರೇಖಾಚಿತ್ರದಲ್ಲಿ ಅಳತೆಪಟ್ಟಿ ಇಲ್ಲವೆಂದು ಹಿಂದಕ್ಕೆ ಬಂದಿತ್ತು. ಆಮೇಲೆ ಮನೆಯ ಗೇಟಿಗೆ ನೋಟಿಸ್ ಅಂಟಿಸಿ, ಸಾರ್ವಜನಿಕರ ಅಭಿಪ್ರಾಯಕ್ಕೆ 21 ದಿನಗಳ ಅವಕಾಶ ಕೊಟ್ಟರು. ಎಂಟು ವಾರ ಕಳೆದಾಗ ಅಧಿಕಾರಿಗಳು ಕಾಲಾವಕಾಶ ಕೇಳಿದರು, ಒಪ್ಪಿದೆವು. ಒಪ್ಪದಿದ್ದರೆ ಮೇಲ್ಮನವಿಗೆ ಹಕ್ಕಿದೆ, ಆದರೆ ಅದು ಇನ್ನೂ ದೀರ್ಘವಾದ ದಾರಿ. ಕೊನೆಗೆ ಅನುಮತಿ ಬಂದಾಗ ಅದರಲ್ಲಿ ಷರತ್ತುಗಳಿದ್ದವು: ಮೂರು ವರ್ಷದೊಳಗೆ ಕೆಲಸ ಆರಂಭವಾಗಬೇಕು, ಗಾರೆಯ ಮಾದರಿ ತುಣುಕನ್ನು ಗೋಡೆಯ ಮೇಲೇ ಮಾಡಿ ತೋರಿಸಿ ಒಪ್ಪಿಗೆ ಪಡೆಯಬೇಕು, ಸಿಮೆಂಟ್ ತೆಗೆದಾಗ ಕಾಣುವ ಚೌಕಟ್ಟನ್ನು ಮತ್ತೆ ಮುಚ್ಚುವ ಮೊದಲು ಚಿತ್ರಸಮೇತ ದಾಖಲಿಸಬೇಕು. ಷರತ್ತು ಪೂರೈಸದೆ ಮುಂದುವರಿದರೆ ಅದೂ ಕಾನೂನಿನ ಉಲ್ಲಂಘನೆಯೇ, ಆದ್ದರಿಂದ ಆ ಕಾಗದವನ್ನು ಗುತ್ತಿಗೆದಾರರೊಂದಿಗೆ ಕುಳಿತು ಸಾಲು ಸಾಲಾಗಿ ಓದಿ.

ಮೂರನೆಯ ಷರತ್ತನ್ನು ನಾವು ಖರ್ಚಿನ ಬಾಬತ್ತು ಎಂದಷ್ಟೇ ಎಣಿಸಿದ್ದೆವು, ಆದರೆ ಮನೆಯ ಬಗ್ಗೆ ನಮಗೆ ಅತಿ ಹೆಚ್ಚು ತಿಳಿಸಿಕೊಟ್ಟದ್ದು ಅದೇ. ಸಿಮೆಂಟನ್ನು ಯಂತ್ರ ಬಳಸದೆ ಉಳಿ ಸುತ್ತಿಗೆಯಿಂದ ಬಿಡಿಸುತ್ತ ಹೋದಾಗ, ಪ್ರತಿ ಕಂಬದ ತಲೆಯ ಬಳಿ ಮತ್ತು ಅದಕ್ಕೆದುರಾಗಿ ಮೇಲ್ತೊಲೆಯ ಮೇಲೆ ಬಡಗಿಯ ಗುರುತುಗಳು ಕಂಡವು. ಚೌಕಟ್ಟನ್ನು ಮೊದಲು ನೆಲದ ಮೇಲೆ ಹೂಡಿ ಹೊಂದಿಸಿ, ಆಮೇಲೆ ಬಿಚ್ಚಿ ತಂದು ನಿಲ್ಲಿಸುತ್ತಿದ್ದ ಕಾಲದಲ್ಲಿ, ಯಾವ ನಾಲಿಗೆ ಯಾವ ಕುಳಿಗೆ ಎಂದು ತಿಳಿಯಲು ರೋಮನ್ ಅಂಕಿಗಳನ್ನು ಉಳಿಯಿಂದ ಗೀರುತ್ತಿದ್ದರು. ನಾಲ್ಕಕ್ಕೆ ನಾಲ್ಕು ನೇರ ಗೀರು, ಒಂಬತ್ತಕ್ಕೆ ಐದರ ಗುರುತಿನ ಪಕ್ಕ ನಾಲ್ಕು ಗೀರು. ಉತ್ತರದ ಗೋಡೆಯಲ್ಲಿ ಎಣಿಕೆ ಆರರವರೆಗೆ ಸರಿಯಾಗಿ ಬಂದು, ನಡುವೆ ಎರಡು ಕಂಬಗಳು ಗುರುತೇ ಇಲ್ಲದವು, ಬೇರೆ ಮರದವು, ಆಮೇಲೆ ಮತ್ತೆ ಏಳು. ಬಡಗಿ ಆ ಜಾಗದ ಮೇಲ್ತೊಲೆಯ ಅಡಿಯನ್ನು ಬೆರಳಿನಿಂದ ಸವರಿ ನೋಡಿ, ಮಣ್ಣು ತುಂಬಿದ್ದ ಚೌಕ ಕುಳಿಗಳನ್ನು ಒಂದೊಂದಾಗಿ ಬಿಡಿಸಿದರು. ಮೂಲೆ ಮುಂದಾಗಿ ವಜ್ರಾಕಾರದಲ್ಲಿ ಕೊರೆದಿದ್ದ ಆ ಕುಳಿಗಳು ಹಾಲ್‌ನ ಮೂಲ ಕಿಟಕಿಯ ಸರಳುಗಳವು. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಮರದ ಸರಳುಗಳ ಹಿಂದೆ ಬಾಗಿಲು ಜರುಗಿಸಿ ಮುಚ್ಚುತ್ತಿದ್ದ ಕಿಟಕಿ ಅದು. ಜರುಗುಬಾಗಿಲು ಸರಿಯುತ್ತಿದ್ದ ತೋಡೂ ತೊಲೆಯಲ್ಲಿ ಉಳಿದಿತ್ತು. ಅಧಿಕಾರಿ ಮತ್ತೆ ಬಂದು ನೋಡಿ, "ಕಿಟಕಿಯನ್ನು ತೆರೆಯುವುದು ಬೇಡ, ಮುಚ್ಚಿದವರದೂ ಈ ಮನೆಯ ಇತಿಹಾಸವೇ. ಒಳಗಡೆ ಕುಳಿಗಳು ಕಾಣುವ ಹಾಗೆ ಬಿಡಿ" ಎಂದರು. ಹಾಗೆಯೇ ಬಿಟ್ಟಿದ್ದೇವೆ.

ಅಡಿತೊಲೆಯನ್ನು ಇಡಿಯಾಗಿ ಬದಲಿಸಲು ಅನುಮತಿ ಇರಲಿಲ್ಲ. ಲಡ್ಡಾದಷ್ಟನ್ನೇ ಕತ್ತರಿಸಿ, ಗಟ್ಟಿಯಾದ ಹಳೆಯ ಮರಕ್ಕೆ ಹೊಸ ಓಕನ್ನು ಓರೆಯಾಗಿ ಕೊಯ್ದು ಬೆಸೆದು, ಗೂಟ ಬಡಿದರು. ಹೊಸ ಮರವನ್ನು ಹಳೆಯದರಂತೆ ಕಾಣಲು ಬಣ್ಣ ಹಾಕಲಿಲ್ಲ. ಇದು 1877ರಲ್ಲಿ ವಿಲಿಯಂ ಮಾರಿಸ್ ಮತ್ತು ಸಂಗಡಿಗರು ಸ್ಥಾಪಿಸಿದ, ಇಲ್ಲಿ ಸ್ಪ್ಯಾಬ್ ಎಂದೇ ಪ್ರಸಿದ್ಧವಾದ ಪುರಾತನ ಕಟ್ಟಡಗಳ ರಕ್ಷಣಾ ಸಂಘ ಇಂದಿಗೂ ಪಾಲಿಸುವ ರೀತಿ: ಎಷ್ಟು ಕಡಿಮೆ ಸಾಧ್ಯವೋ ಅಷ್ಟನ್ನೇ ಬದಲಿಸುವುದು, ಬದಲಿಸಿದ್ದನ್ನು ಮರೆಮಾಚದಿರುವುದು. ಈ ಸಂಘದವರು ದೂರವಾಣಿಯಲ್ಲಿ ಉಚಿತವಾಗಿ ತಾಂತ್ರಿಕ ಸಲಹೆ ಕೊಡುತ್ತಾರೆ. ಗಾರೆಯ ಮಿಶ್ರಣದ ಬಗ್ಗೆ ನನಗಿದ್ದ ಗೊಂದಲ ಕಳೆದದ್ದು ಅವರಿಂದಲೇ.

ತಡಿಕೆಯಿಂದ ಉದುರಿದ್ದ ಹಳೆಯ ಮಣ್ಣನ್ನು ಎಸೆಯದೆ, ನೀರಿನಲ್ಲಿ ನೆನೆಹಾಕಿ ಹೊಸ ಹುಲ್ಲು ಬೆರೆಸಿ ಮತ್ತೆ ಮೆತ್ತಿದರು. ಅದರ ಮೇಲೆ ಆಡಿನ ಕೂದಲು ಬೆರೆಸಿದ ಸುಣ್ಣದ ಗಾರೆ ಮೂರು ಪದರ. ಪ್ರತಿ ಪದರವೂ ನಿಧಾನವಾಗಿ ಗಟ್ಟಿಯಾಗಬೇಕಾದ್ದರಿಂದ ಗೋಣಿತಾಟನ್ನು ಇಳಿಬಿಟ್ಟು ದಿನವೂ ನೀರು ಚಿಮುಕಿಸುತ್ತಿದ್ದೆವು, ಈ ಕೆಲಸ ಹೆಚ್ಚಾಗಿ ನನ್ನದೇ ಆಗಿತ್ತು. ತಾಪಮಾನ 5 ಡಿಗ್ರಿಗಿಂತ ಕೆಳಗಿಳಿದರೆ ಸುಣ್ಣದ ಕೆಲಸ ನಿಲ್ಲಿಸಬೇಕು, ಹಸಿ ಗಾರೆಗೆ ಹಿಮ ತಗುಲಿದರೆ ಪದರವೇ ಉದುರುತ್ತದೆ. ಕಡೆಗೆ ತಿಳಿಸುಣ್ಣವನ್ನು ತೆಳುವಾಗಿ ಮೇಲಿಂದ ಮೇಲೆ ಬಳಿದರು. ಸಫೋಕ್‌ನ ಮನೆಗಳಿಗೆ ಹೆಸರುವಾಸಿಯಾದ ನಸುಗೆಂಪು ಬಣ್ಣವೇ ಇರಲಿ ಎಂದುಕೊಂಡಿದ್ದೆವು, ಆ ಛಾಯೆಗೂ ಮಾದರಿ ತೋರಿಸಿ ಒಪ್ಪಿಗೆ ಪಡೆಯಬೇಕಾಯಿತು.

ಖರ್ಚಿನ ವಿಷಯ. ಬಡಗಿ ಕೆಲಸ, ಗಾರೆ, ಅಟ್ಟಣಿಗೆ ಸೇರಿ ಗುತ್ತಿಗೆ ಸುಮಾರು 58,000 ಪೌಂಡ್ ಆಯಿತು, ಅದರ ಮೇಲೆ ಶೇ. 20ರಷ್ಟು ವ್ಯಾಟ್. ಸಂರಕ್ಷಿತ ಕಟ್ಟಡದ ಕೆಲಸಕ್ಕೆ ವ್ಯಾಟ್ ಇಲ್ಲ ಎಂದು ಹಳಬರು ಈಗಲೂ ಹೇಳುವುದುಂಟು. ಆ ವಿನಾಯಿತಿ ಅನುಮತಿ ಪಡೆದ ಮಾರ್ಪಾಡುಗಳಿಗೆ ಮಾತ್ರ ಇದ್ದದ್ದು, ಅದೂ 2012ರ ಅಕ್ಟೋಬರ್‌ನಲ್ಲಿ ಹೋಯಿತು. ಆದರೆ ಮನೆ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಖಾಲಿ ಇದ್ದುದಕ್ಕೆ ಪುರಾವೆಯಿದ್ದರೆ, ಷರತ್ತುಗಳಿಗೆ ಒಳಪಟ್ಟು ದುರಸ್ತಿಗೆ ಶೇ. 5ರ ದರ ಅನ್ವಯವಾಗಬಹುದು. ಕೊಳ್ಳುವಾಗಲೇ ಆ ಪುರಾವೆಯನ್ನು ಕೇಳಿ ಪಡೆದುಕೊಳ್ಳಿ. ನಮ್ಮ ಮನೆಯಲ್ಲಿ ಜನ ವಾಸವಿದ್ದುದರಿಂದ ಅದು ಸಿಗಲಿಲ್ಲ. ಅಂದಾಜಿನ ಮೇಲೆ ಕಾಲುಭಾಗದಷ್ಟು ಹಣವನ್ನು ಪ್ರತ್ಯೇಕವಾಗಿ ಎತ್ತಿಡದೆ ಸಿಮೆಂಟಿಗೆ ಕೈ ಹಚ್ಚಬೇಡಿ, ಅದರ ಹಿಂದೆ ಏನಿದೆ ಎಂದು ಬಿಚ್ಚುವವರೆಗೂ ಯಾರೂ ಹೇಳಲಾರರು.

ಉತ್ತರದ ಗೋಡೆಯ ಒಳಬದಿಯ ತೇವದ ಪಟ್ಟೆ ಈಗ ಅರ್ಧದಷ್ಟು ಇಳಿದಿದೆ, ಪೂರ್ತಿ ಒಣಗಲು ಇನ್ನೂ ಕೆಲವು ಋತುಗಳು ಬೇಕೆಂದು ಬಡಗಿ ಹೇಳಿದ್ದಾರೆ. ಅಟ್ಟದ ಶಾಖನಿರೋಧಕಕ್ಕೆ ಎರಡನೆಯ ಅರ್ಜಿ ಸಿದ್ಧವಾಗುತ್ತಿದೆ. ಪಕಾಸುಗಳನ್ನು ಮುಟ್ಟದೆ, ಅಟ್ಟದ ನೆಲದ ಜಂತಿಗಳ ಮಧ್ಯೆ ಕುರಿಯುಣ್ಣೆಯ ಹಾಸು ಹರಡುವ ಯೋಜನೆ ಅದು. ಬಾವಲಿಗಳ ಕಾರಣದಿಂದ ಆ ಕೆಲಸಕ್ಕೆ ಸಿಗುವ ತಿಂಗಳುಗಳು ಕಡಿಮೆ, ಹಾಗಾಗಿ ಈ ಸಲ ಬಾವಲಿ ಪರಿಣತರ ಸಮಯವನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ನಕ್ಷೆಗಾರರಿಗೆ ಫೋನ್ ಮಾಡಿದ್ದೇವೆ.